ನಿಮ್ಮೂರ ಕೆರೆ ಉಳಿಸಬೇಕಾ? ಮೊದಲು ಒಂದು ಫೈಲು ಮಾಡಿ

"ನಮ್ಮೂರ ಕೆರೆ ಒತ್ತುವರಿ ಆಗ್ತಿದೆ ಸಾರ್, ಯಾರಿಗೆ ಹೇಳಬೇಕು?" ಈ ಪ್ರಶ್ನೆ ಜಗಳೂರು ಕಡೆಯಿಂದ ಬರುತ್ತದೆ, ಹೊಳಲ್ಕೆರೆಯಿಂದ ಬರುತ್ತದೆ, ಹರಿಹರದಿಂದಲೂ ಬರುತ್ತದೆ. ಕೆಲವೊಮ್ಮೆ ಕೆರೆ ಬದಲು ಹಳ್ಳ, ಕೆಲವೊಮ್ಮೆ ಗುಡ್ಡ, ಇಲ್ಲವೇ ರಸ್ತೆ ಬದಿಯ ಹುಣಸೆ ಮರ. ಒಬ್ಬೊಬ್ಬರಿಗೂ ಫೋನಿನಲ್ಲಿ ಅದನ್ನೇ ಹೇಳಿ ಸಾಕಾಗಿ, ಈಗ ಎಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೆರವಣಿಗೆ, ಬ್ಯಾನರು, ಡಿಸಿ ಕಚೇರಿ ಮುಂದೆ ಧರಣಿ ಇವೆಲ್ಲ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮವರು ಅಲ್ಲಿಂದಲೇ ಶುರು ಮಾಡುತ್ತಾರೆ. ಧರಣಿ ಮುಗಿಯುವ ಹೊತ್ತಿಗೆ ಸಾಹೇಬರು ಹೊರಗೆ ಬಂದು "ಅರ್ಜಿ ಕೊಡಿ, ನೋಡೋಣ" ಅಂದಾಗ ಕೈಯಲ್ಲಿ ಒಂದು ಸರ್ವೆ ನಂಬರೂ ಇರುವುದಿಲ್ಲ. ಕೂಗು ಸಂಜೆಗೆ ನಿಲ್ಲುತ್ತದೆ. ಕಚೇರಿಯಲ್ಲಿ ಉಳಿಯುವುದು ಕಾಗದ ಮಾತ್ರ. ಹಾಗಾಗಿ ಈ ಲೇಖನದಲ್ಲಿ ಕಾಗದದ ಮಾತೇ ಜಾಸ್ತಿ. ಉದಾಹರಣೆಗೆ ಕೆರೆಯನ್ನು ಇಟ್ಟುಕೊಂಡಿದ್ದೇನೆ. ಕೊಳಚೆ ನೀರು, ಗಣಿ, ಮರ ಕಡಿತಕ್ಕೂ ದಾರಿ ಹೆಚ್ಚುಕಮ್ಮಿ ಇದೇ. ಬೇರೆ ಆಗುವ ಕಡೆ ಹೇಳುತ್ತೇನೆ.

ಬೇಕಾಗುವ ಸಾಮಾನು: ಒಂದು ಬಾಕ್ಸ್ ಫೈಲು, ತಾರೀಖು ಹಾಕಿ ಬರೆಯಲು ಒಂದು ನೋಟ್‌ಬುಕ್, ಕ್ಯಾಮೆರಾ ಇರುವ ಫೋನು, ಜೆರಾಕ್ಸ್ ಮತ್ತು ಅಂಚೆಗೆ ಸ್ವಲ್ಪ ದುಡ್ಡು, ಮತ್ತೆ ಅರ್ಧಕ್ಕೆ ಕೈ ಬಿಡದ ಮೂರು ಜನ. ಮೂವತ್ತು ಜನ ಬೇಡ. ಜೊತೆಗೆ ಒಂದೆರಡು ವರ್ಷದ ತಾಳ್ಮೆ ಇರಲಿ. ಆರು ತಿಂಗಳಲ್ಲಿ ಮುಗಿದರೆ ಅದೃಷ್ಟ ಅಂದುಕೊಳ್ಳಿ.

1. ಏನು ಬೇಕು ಅಂತ ಒಂದು ಸಾಲಿನಲ್ಲಿ ಬರೆಯಿರಿ

"ಕೆರೆ ಉಳಿಸಿ" ಅಂದರೆ ಯಾವ ಅಧಿಕಾರಿಯೂ ಏನೂ ಮಾಡಲಾರ. ಅದಕ್ಕೆ ಸಹಿ ಹಾಕುವ ಜಾಗವೇ ಇಲ್ಲ. "ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಕೆರೆ ಅಳತೆ ಮಾಡಿಸಿ, ಗಡಿ ಕಲ್ಲು ನೆಡಿಸಿ" ಅಂದರೆ ಒಬ್ಬ ಅಧಿಕಾರಿ ಒಂದು ಸಹಿಯಲ್ಲಿ ಶುರು ಮಾಡಬಹುದಾದ ಕೆಲಸ. ಕೊಳಚೆಯ ವಿಷಯವಾದರೆ "ಇಂಥ ಬಡಾವಣೆಯ ಚರಂಡಿ ಕೆರೆಗೆ ಸೇರುವ ಜಾಗದಲ್ಲಿ ನೀರಿನ ಮಾದರಿ ತೆಗೆದು ಪರೀಕ್ಷೆ ಮಾಡಿಸಿ" ಅನ್ನಿ.

ಎಲ್ಲರೂ ಇಲ್ಲೊಂದು ತಪ್ಪು ಮಾಡುತ್ತಾರೆ. ಒಂದೇ ಅರ್ಜಿಯಲ್ಲಿ ಒತ್ತುವರಿ, ಹೂಳು, ಕೊಳಚೆ, ಮೀನು ಟೆಂಡರು, ಜಾಲಿ ಗಿಡ ಎಲ್ಲ ತುಂಬಿಬಿಡುತ್ತಾರೆ. ಐದು ವಿಷಯ ಐದು ಇಲಾಖೆಗೆ ಸೇರಿದ್ದು. "ಇದು ನಮ್ ಟೇಬಲ್‌ಗೆ ಬರಲ್ಲ" ಅನ್ನೋಕೆ ಐವರಿಗೂ ನೀವೇ ದಾರಿ ಮಾಡಿಕೊಟ್ಟಂತೆ. ಒಂದು ಅರ್ಜಿಗೆ ಒಂದೇ ವಿಷಯ ಸಾಕು.

2. ಕೆರೆ ಯಾರದ್ದು ಅಂತ ಪತ್ತೆ ಮಾಡಿ

ಊರಿನದ್ದು ಅಂತ ನಾವು ಹೇಳುತ್ತೇವೆ. ಕಾಗದದಲ್ಲಿ ಬೇರೆ ಇರುತ್ತದೆ. ನಮ್ಮ ರಾಜ್ಯದಲ್ಲಿ ಅಚ್ಚುಕಟ್ಟಿನ ಲೆಕ್ಕದಲ್ಲಿ ಕೆರೆ ಹಂಚಿಕೆ ಆಗಿದೆ. ಅಚ್ಚುಕಟ್ಟು ಅಂದರೆ ಆ ಕೆರೆ ನೀರು ಹರಿಯುವ ಜಮೀನು. ಅದು 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಪಂಚಾಯಿತಿ ಕೆರೆ. 40ರಿಂದ 2,000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆ. ಅದಕ್ಕೂ ದೊಡ್ಡದಾದರೆ ಜಲಸಂಪನ್ಮೂಲ ಇಲಾಖೆ. ಊರು ಬೆಳೆದು ಕೆರೆ ಪಟ್ಟಣದ ಒಳಗೆ ಬಂದಿದ್ದರೆ ಪುರಸಭೆಯನ್ನೋ ಪಾಲಿಕೆಯನ್ನೋ ಕೇಳಬೇಕು. ಕಾಡಿನ ಒಳಗಿದ್ದರೆ ಅರಣ್ಯ ಇಲಾಖೆ.

ಗೊಂದಲ ಆಗುವುದು ಇಲ್ಲಿ. ಕೆರೆ ನೋಡಿಕೊಳ್ಳುವವರು ಒಬ್ಬರು, ನೆಲದ ದಾಖಲೆ ಇಟ್ಟುಕೊಂಡವರು ಇನ್ನೊಬ್ಬರು. ಅಳತೆ ಮಾಡಿಸುವುದು, ಒತ್ತುವರಿ ತೆಗೆಸುವುದು ತಹಶೀಲ್ದಾರರ ಕೆಲಸ. ಆದರೆ "ನಮ್ಮ ಕೆರೆ ಅಳತೆ ಮಾಡಿಕೊಡಿ" ಅಂತ ತಹಶೀಲ್ದಾರರಿಗೆ ಬರೆಯಬೇಕಾದವರು ಕೆರೆ ಯಾರ ಸುಪರ್ದಿಯಲ್ಲಿದೆಯೋ ಆ ಇಲಾಖೆಯವರು. ನಿಮ್ಮ ಮೊದಲ ಅರ್ಜಿ ಈ ಇಲಾಖೆಗೆ ಹೋಗಲಿ, ಅದರ ಪ್ರತಿ ತಹಶೀಲ್ದಾರರಿಗೆ ಹೋಗಲಿ.

2014ರಲ್ಲಿ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಬಂದಿದೆ. ಕೆರೆ ಒತ್ತುವರಿ, ಕಸ ಸುರಿಯುವುದು, ಕೊಳಚೆ ಬಿಡುವುದು ಆ ಕಾಯ್ದೆಯಲ್ಲಿ ಅಪರಾಧ. ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ ಇರುತ್ತದೆ. ಎರಡು ಇಲಾಖೆಗಳು ಒಬ್ಬರ ಕಡೆ ಒಬ್ಬರು ಬೆರಳು ತೋರಿಸಿದಾಗ ಈ ಸಮಿತಿಗೆ ಬರೆಯಿರಿ.

ಇದು ನನಗೆ ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ಮೊದಲ ಸಲ ಮುಖ್ಯಮಂತ್ರಿಯಿಂದ ಹಿಡಿದು ಪಂಚಾಯಿತಿವರೆಗೆ ಹನ್ನೊಂದು ವಿಳಾಸಕ್ಕೆ ಒಂದೇ ಅರ್ಜಿ ಕಳಿಸಿದ್ದೆ. ದೊಡ್ಡವರಿಗೆ ಬರೆದರೆ ಕೆಲಸ ಬೇಗ ಆಗುತ್ತದೆ ಅನ್ನೋ ನಂಬಿಕೆ. ನಾಲ್ಕು ತಿಂಗಳು ಅದು "ಸೂಕ್ತ ಕ್ರಮಕ್ಕಾಗಿ ಕಳುಹಿಸಿದೆ" ಅಂತ ಒಂದೊಂದೇ ಮೆಟ್ಟಿಲು ಇಳಿದು, ಕೊನೆಗೆ ನಮ್ಮೂರಿನಿಂದ ಹತ್ತು ಕಿಲೋಮೀಟರ್ ದೂರದ ಒಂದು ಕಚೇರಿಗೆ ಬಂದು ಬಿತ್ತು. ಅಲ್ಲಿಗೇ ಮೊದಲು ಹೋಗಿದ್ದರೆ ಬಸ್ ಚಾರ್ಜಿನಲ್ಲಿ ಮುಗಿಯುತ್ತಿತ್ತು.

3. ದಾಖಲೆ ಒಟ್ಟು ಮಾಡಿ

ಈ ಹಂತಕ್ಕೆ ಎಷ್ಟು ಹೊತ್ತು ಕೊಟ್ಟರೂ ಸಾಲದು. ಬೇಕಾದ್ದು ಇಷ್ಟು.

ಪಹಣಿ. ಆರ್‌ಟಿಸಿ ಅಂತಲೂ ಅನ್ನುತ್ತಾರೆ. ಭೂಮಿ ಜಾಲತಾಣದಲ್ಲಿ, ಇಲ್ಲವೇ ನಾಡಕಚೇರಿಯಲ್ಲಿ ಸಿಗುತ್ತದೆ. ಕೆರೆಯ ಸರ್ವೆ ನಂಬರು, ವಿಸ್ತೀರ್ಣ, ಯಾರ ಹೆಸರಲ್ಲಿದೆ ಎಲ್ಲ ಇದರಲ್ಲಿದೆ. ಸುತ್ತಲಿನ ಸರ್ವೆ ನಂಬರುಗಳ ಪಹಣಿಯನ್ನೂ ತೆಗೆಯಿರಿ. ಹಳೆಯ ವರ್ಷದ ಕೈಬರಹದ ಪಹಣಿ ಸಿಕ್ಕರೆ ಇನ್ನೂ ಒಳ್ಳೆಯದು. ಆಗ ಇದ್ದ ಎಕರೆಗೂ ಈಗಿನ ಎಕರೆಗೂ ವ್ಯತ್ಯಾಸ ಬಂದರೆ ನಿಮ್ಮ ಅರ್ಧ ಕೆಲಸ ಅಲ್ಲೇ ಆಯಿತು.

ಗ್ರಾಮ ನಕ್ಷೆ. ಊರಿನ ಎಲ್ಲ ಸರ್ವೆ ನಂಬರು, ಹಳ್ಳ, ದಾರಿ, ಕೆರೆ ಇರುವ ನಕ್ಷೆ. ಕೆರೆಗೆ ನೀರು ತರುವ ಹಳ್ಳ, ರಾಜಕಾಲುವೆ ಎಲ್ಲೆಲ್ಲಿ ಹಾದಿವೆ ನೋಡಿ. ಎಲ್ಲರ ಕಣ್ಣೂ ಕೆರೆ ಅಂಗಳದ ಮೇಲೆ ಇರುತ್ತದೆ. ಮೇಲ್ಗಡೆ ಹಳ್ಳ ಮುಚ್ಚಿ ಅಡಿಕೆ ಗಿಡ ಇಟ್ಟರೆ ಕೆರೆ ಅಷ್ಟೂ ಸರ್ಕಾರದ ಹೆಸರಲ್ಲೇ ಇದ್ದೂ ನೀರು ಬರುವುದಿಲ್ಲ.

ಆಕಾರಬಂದ್ ಮತ್ತು ಟಿಪ್ಪಣಿ. ಆಕಾರಬಂದ್ ಅಂದರೆ ಪ್ರತಿ ಸರ್ವೆ ನಂಬರಿನ ಮೂಲ ವಿಸ್ತೀರ್ಣದ ಪಟ್ಟಿ. ಟಿಪ್ಪಣಿ ಅಂದರೆ ಅಳತೆಯ ಗೆರೆ, ಸಂಖ್ಯೆ ಇರುವ ಮೂಲ ರೇಖಾಚಿತ್ರ. ಎರಡೂ ತಾಲ್ಲೂಕು ಸರ್ವೆ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಸಿಗುತ್ತವೆ. ಸರ್ವೇಯರು ಗಡಿ ಹಿಡಿಯುವುದು ಟಿಪ್ಪಣಿ ನೋಡಿ.

ಪಹಣಿಯಲ್ಲಿ ಖರಾಬು ಅನ್ನೋ ಮಾತು ಬರುತ್ತದೆ. 'ಎ' ಖರಾಬು ಅಂದರೆ ಸಾಗುವಳಿಗೆ ಬಾರದ ನೆಲ, ಹಿಡುವಳಿದಾರನ ಜಮೀನಿನ ಭಾಗವೇ. 'ಬಿ' ಖರಾಬು ಅಂದರೆ ಹಳ್ಳ, ದಾರಿ, ಕಟ್ಟೆ ಹೀಗೆ ಎಲ್ಲರ ಬಳಕೆಗೆ ಬಿಟ್ಟ ನೆಲ. ಈ ಒಂದು ಅಕ್ಷರ ನೋಡದೆ ಗಲಾಟೆ ಮಾಡಿ ನಾಚಿಕೆಪಟ್ಟವರು ಉಂಟು.

ಫೋನಿನಲ್ಲಿ ದಿಶಾಂಕ್ ಅನ್ನೋ ಆ್ಯಪ್ ಹಾಕಿಕೊಳ್ಳಿ. ನೀವು ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಓಡಾಡುವಾಗ ಬಹಳ ಉಪಯೋಗ. ಆದರೆ ಅದನ್ನೇ ಪುರಾವೆ ಅಂತ ಹಿಡಿದುಕೊಂಡು ಯಾರ ತೋಟಕ್ಕೂ ನುಗ್ಗಬೇಡಿ. ಆ್ಯಪಿನ ಗೆರೆ ಅಲ್ಲಿ ಇಲ್ಲಿ ಸರಿದಿರಬಹುದು. ಗಡಿ ಹೇಳಬೇಕಾದವರು ಸರ್ವೇಯರು.

ಎಚ್ಚರಿಕೆ: ಸರ್ವೆ ಆಗುವವರೆಗೆ "ಒತ್ತುವರಿ" ಅನ್ನೋ ಮಾತನ್ನು ಬರವಣಿಗೆಯಲ್ಲಿ ಬಳಸಬೇಡಿ. ನೀರು ನಿಲ್ಲುವ ಜಾಗವೆಲ್ಲ ಸರ್ಕಾರದ್ದೇ ಆಗಿರಬೇಕಿಲ್ಲ. ಕೆರೆ ತುಂಬಿದಾಗ ಮುಳುಗುವ ಪಟ್ಟಾ ಜಮೀನುಗಳೂ ಇರುತ್ತವೆ. ಅದು ಅವರ ಅಜ್ಜನ ಕಾಲದ್ದು, ಕಾಗದ ಸರಿಯಾಗಿಯೇ ಇರುತ್ತದೆ. ಇನ್ನು ಕೆಲವರು ಬಗರ್‌ಹುಕುಂನಲ್ಲಿ ನಮೂನೆ 57 ಹಾಕಿ, ಅಂದರೆ ಅನುಮತಿ ಇಲ್ಲದೆ ಉಳುತ್ತಿರುವ ಸರ್ಕಾರಿ ನೆಲ ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಅರ್ಜಿ ಕೊಟ್ಟು, ಸಕ್ರಮಕ್ಕೆ ಕಾಯುತ್ತಿರುತ್ತಾರೆ. ಅರ್ಜಿ ಹಾಕಿದ ಮಾತ್ರಕ್ಕೆ ಕೆರೆ ನೆಲ ಅವರದ್ದಾಗುವುದಿಲ್ಲ. ಆದರೂ ಅರ್ಜಿ ಇದೆಯೋ ಇಲ್ಲವೋ ನಿಮಗೆ ಮೊದಲೇ ಗೊತ್ತಿರಬೇಕು.

4. ಕೆರೆ ಸುತ್ತ ನಡೆಯಿರಿ

ಊರಿನಲ್ಲಿ ಹಿಂದೆ ನೀರಗಂಟಿ ಕೆಲಸ ಮಾಡಿದವರು ಇದ್ದರೆ, ಇಲ್ಲವೇ ಅವರ ಮನೆಯವರು ಇದ್ದರೆ ಅವರನ್ನು ಕರೆದುಕೊಂಡು ಹೋಗಿ. ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಬಿಡುತ್ತಿದ್ದವರು ಅವರು. ಏರಿ, ತೂಬು, ಕೋಡಿ ಎಲ್ಲಿವೆ ಅಂತ ಯಾರು ಬೇಕಾದರೂ ತೋರಿಸುತ್ತಾರೆ. ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತು ಅಂತ ತೋರಿಸುವವರು ಇವರು ಮಾತ್ರ. ನಾನು ಹೀಗೆ ಹೋದಾಗ ಒಬ್ಬ ಅಜ್ಜ ಬಳ್ಳಾರಿ ಜಾಲಿಯ ಪೊದೆಯೊಳಗೆ ಕೋಲು ಹಾಕಿ ತಡಕಾಡಿದರು. ಟಣ್ ಅಂತ ಸದ್ದಾಯಿತು. ಮುಳ್ಳು ಸರಿಸಿ ನೋಡಿದರೆ ಅರ್ಧ ಹೂತ ಕರಿ ಕಲ್ಲು, ತಲೆ ಮೇಲೆ ಕೂಡು ಗೆರೆಯ ಗುರುತು. "ಇದು ಕೆರೆ ಕಲ್ಲು. ಇಲ್ಲಿಂದ ಆಚೆ ನಮ್ಮಪ್ಪ ಯಾರನ್ನೂ ಉಳೋಕೆ ಬಿಡ್ತಿರಲಿಲ್ಲ" ಅಂದರು. ಉಳುಮೆ ಆಗಿದ್ದ ನೆಲ ಆ ಕಲ್ಲು ದಾಟಿ ಕೆರೆ ಕಡೆಗೆ ಮೂವತ್ತು ಹೆಜ್ಜೆ ಇತ್ತು.

ಅಂಥ ಕಲ್ಲು ಸಿಕ್ಕರೆ ಕೀಳಬೇಡಿ, ಬಣ್ಣ ಬಳಿಯಬೇಡಿ. ಇದ್ದ ಹಾಗೇ ಫೋಟೊ ತೆಗೆಯಿರಿ. ಹತ್ತಿರದಿಂದ ಒಂದು, ಹಿಂದೆ ಏರಿಯೋ ಗುಡಿಯೋ ಕಾಣುವ ಹಾಗೆ ದೂರದಿಂದ ಒಂದು. ತಾರೀಖು, ಅಕ್ಷಾಂಶ ರೇಖಾಂಶ ಫೋಟೊ ಮೇಲೆ ಬರುವ ಕ್ಯಾಮೆರಾ ಆ್ಯಪ್ ಬಳಸಿ. ಮೂಲ ಫೋಟೊವನ್ನು ಫೋನಿನಲ್ಲೇ ಉಳಿಸಿ, ಕಂಪ್ಯೂಟರಿಗೂ ಹಾಕಿಡಿ. ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರೆ ಗಾತ್ರ ಇಳಿಯುತ್ತದೆ, ಒಳಗಿನ ತಾರೀಖು ಜಾಗದ ಮಾಹಿತಿ ಅಳಿಸಿಹೋಗುತ್ತದೆ. ಆಮೇಲೆ ಯಾರಾದರೂ "ಇದು ಯಾವಾಗಿನದ್ದೋ" ಅಂದರೆ ಉತ್ತರ ಇರುವುದಿಲ್ಲ.

ನಮ್ಮದು ಬಯಲುಸೀಮೆ. ಕೆರೆ ಒಣಗಿದ ವರ್ಷಗಳಲ್ಲೇ ನೇಗಿಲು ಅಂಗಳಕ್ಕೆ ಇಳಿಯುವುದು. ಎರಡು ಮೂರು ಬರ ಒಟ್ಟಿಗೆ ಬಂದರೆ ಅದು ಕೆರೆ ಅನ್ನೋದೇ ಮರೆತುಹೋಗುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಕೆರೆ ತಾನೇ ತನ್ನ ಗಡಿ ತೋರಿಸುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಆ ವರ್ಷ ನಿಮ್ಮೂರ ಕೆರೆಯೂ ತುಂಬಿದ್ದರೆ ಯಾರಾದರೂ ಸೆಲ್ಫಿ ತೆಗೆದಿರುತ್ತಾರೆ, ಬಾಗಿನ ಬಿಟ್ಟ ಫೋಟೊ ಇರುತ್ತದೆ. ಹುಡುಕಿ. ತುಂಬಿದ ಕೆರೆಯ ಫೋಟೊಗಿಂತ ಒಳ್ಳೆ ಸಾಕ್ಷಿ ಕಡಿಮೆ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರ ಒಂದೊಂದಾಗಿ ನೋಡುವ ಸೌಲಭ್ಯವೂ ಇದೆ, ಅದನ್ನೂ ಪ್ರಿಂಟ್ ತೆಗೆದಿಡಿ.

ಕೊಳಚೆಯ ದೂರಾದರೆ ಹೋಗಬೇಕಾದ್ದು ನಸುಕಿನಲ್ಲಿ. ರಾತ್ರಿ ಪಾಚಿ, ಗಿಡ, ಮೀನು ಎಲ್ಲ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸುತ್ತವೆ. ಬಿಸಿಲು ಬರುವವರೆಗೆ ಹೊಸದು ಹುಟ್ಟುವುದು ಕಡಿಮೆ. ಕೊಳಚೆ ಸೇರಿದ ಕೆರೆಯಲ್ಲಿ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುವುದು ಇದಕ್ಕೇ. ಹತ್ತು ಗಂಟೆಗೆ ಹೋದರೆ ಸತ್ತ ಮೀನನ್ನು ಟೆಂಡರಿನವರು ಬಾಚಿ ಹೂತಿರುತ್ತಾರೆ.

ಎಚ್ಚರಿಕೆ: ನೀವೇ ಬಿಸ್ಲೇರಿ ಬಾಟಲಿಯಲ್ಲಿ ನೀರು ತುಂಬಿ ಖಾಸಗಿ ಲ್ಯಾಬಿಗೆ ಕೊಟ್ಟರೆ ನಿಮ್ಮ ಸಮಾಧಾನಕ್ಕಾಯಿತು, ಕೇಸಿಗೆ ನಿಲ್ಲುವುದು ಕಷ್ಟ. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯ ಪ್ರಕಾರ ಮಂಡಳಿಯ ಅಧಿಕಾರಿಯೇ ಕ್ರಮಬದ್ಧವಾಗಿ ಮಾದರಿ ತೆಗೆಯಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ದಾವಣಗೆರೆಯಲ್ಲೂ ಇದೆ, ಚಿತ್ರದುರ್ಗದಲ್ಲೂ ಇದೆ. ಮಾದರಿ ತೆಗೆಯುವಂತೆ ಬರೆದು ಕೊಡಿ. ವರದಿ ಬಂದಾಗ ಎರಡು ಅಂಕಿ ನೋಡಿದರೆ ಸಾಕು. ಡಿಒ ಅಂದರೆ ನೀರಿನಲ್ಲಿ ಕರಗಿರುವ ಆಮ್ಲಜನಕ. ಲೀಟರಿಗೆ 4 ಮಿಲಿಗ್ರಾಂ ಆದರೂ ಇರಬೇಕು, ಅದಕ್ಕಿಂತ ಇಳಿದರೆ ಮೀನಿಗೆ ಕಷ್ಟ. ಬಿಒಡಿ ಅಂದರೆ ನೀರಿನ ಕೊಳಕು ಕೊಳೆಯಲು ಎಷ್ಟು ಆಮ್ಲಜನಕ ಬೇಕು ಅನ್ನೋ ಲೆಕ್ಕ. ಅದು ಹೆಚ್ಚಿದ್ದಷ್ಟೂ ನೀರು ಕೆಟ್ಟಿದೆ. ಸ್ನಾನಕ್ಕೆ ಯೋಗ್ಯ ನೀರಿನಲ್ಲಿ 3 ದಾಟಬಾರದು.

5. ಊರಿನವರ ಜೊತೆ ಕೂತು ಮಾತಾಡಿ

ಕಾಗದ ಸಿಕ್ಕ ಹುಮ್ಮಸ್ಸಿನಲ್ಲಿ ಈ ಹಂತ ಹಾರಿಬಿಡುವವರೇ ಜಾಸ್ತಿ. ಕೆರೆಗೆ ಮಣ್ಣು ತುಂಬಿದವನು ದೂರದ ಊರಿನವನಲ್ಲ. ನಿಮ್ಮ ಓಣಿಯವನೇ, ನಿಮ್ಮ ಮನೆ ಮದುವೆಗೆ ಬಂದವನೇ. ಅರ್ಧ ಎಕರೆ ಅಡಿಕೆ ಇಟ್ಟು ಬೋರಿಗೆ ಸಾಲ ಮಾಡಿದ ರೈತನನ್ನೂ, ಕೆರೆ ಅಂಗಳ ಸಮ ಮಾಡಿ ಸೈಟು ಮಾರುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಸೈಟಿನವನು ರೈತನ ಬೆನ್ನ ಹಿಂದೆ ನಿಂತುಕೊಳ್ಳುತ್ತಾನೆ. ಇದು ನಾನು ಒಂದಲ್ಲ, ಮೂರು ಊರಿನಲ್ಲಿ ನೋಡಿದ್ದೇನೆ. ಸಣ್ಣ ರೈತನ ಹತ್ತಿರ ಮೊದಲೇ ಹೋಗಿ. ಈ ಬೆಳೆ ಕೊಯ್ಲಿನವರೆಗೆ ಕಾಲ ಕೊಡಿಸೋಣ ಅಂತ ಹೇಳಿ. ಎಷ್ಟೋ ಸಲ ಅವರೇ ಹಿಂದೆ ಸರಿಯುತ್ತಾರೆ.

ಕೆರೆಯಿಂದ ಯಾರಿಗೆ ಏನು ಸಿಗುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅಚ್ಚುಕಟ್ಟಿನ ರೈತರು, ಮೀನಿನ ಗುತ್ತಿಗೆಯವರು, ಬಟ್ಟೆ ಒಗೆಯುವವರು, ಕುರಿಗಾಹಿಗಳು, ಬೋರ್‌ವೆಲ್ ಇರುವ ತೋಟದವರು. ಕೆರೆ ತುಂಬಿದರೆ ಬೋರಿನಲ್ಲಿ ನೀರು ಏರುತ್ತದೆ ಅನ್ನೋದನ್ನು ನಮ್ಮ ಭಾಗದ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಪರಿಸರ ಅನ್ನೋ ಪದ ಒಂದು ಸಲವೂ ಬಳಸದೆ ಇಡೀ ಸಭೆ ಮುಗಿಸಬಹುದು. ಬಳಸದಿದ್ದರೇ ಒಳ್ಳೆಯದು ಅನ್ನೋದು ನನ್ನ ಅನಿಸಿಕೆ.

ಜನರ ಹೊಟ್ಟೆಗೆ ತಾಗುವ ಮಾತು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕಾದರೆ ನಮ್ಮ ಪಕ್ಕದಲ್ಲೇ ಒಂದು ಉದಾಹರಣೆ ಇದೆ. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಅನ್ನೋ ಕಂಪನಿ ಮಾಡಿದವು. ಸುಮಾರು 30,000 ಹೆಕ್ಟೇರ್ ಹುಲ್ಲುಗಾವಲು, ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಯುವ ಲೆಕ್ಕ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಘಟನೆ ಸುಪ್ರೀಂ ಕೋರ್ಟಿಗೂ ಹೋಯಿತು, ಹಳ್ಳಿಗಳಿಗೂ ಹೋಯಿತು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ದನಕ್ಕೆ ಮೇವಾಗುವ, ಮನೆಗೆ ಬೇಕಾಗುವ ಗಿಡ ಹಚ್ಚಿದರು. 1991ರಲ್ಲಿ ಆ ಕಂಪನಿ ಮುಚ್ಚಿತು. ದನದ ಮೇವು ಅಂದಾಗ ಹಳ್ಳಿ ಎದ್ದಿತು. ಜೊತೆಗೆ ಕೋರ್ಟಿನ ಕಡತ ಗಟ್ಟಿ ಇತ್ತು. ಎರಡರಲ್ಲಿ ಒಂದೇ ಇದ್ದಿದ್ದರೆ ಆಗುತ್ತಿರಲಿಲ್ಲ.

ಮಾತುಕತೆ ಮುಗಿದ ಮೇಲೆ ಗ್ರಾಮಸಭೆಗೆ ವಿಷಯ ತನ್ನಿ. ಆರು ತಿಂಗಳಿಗೊಮ್ಮೆ ಆದರೂ ಗ್ರಾಮಸಭೆ ನಡೆಯಲೇಬೇಕು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಮೊದಲೇ ಪತ್ರ ಕೊಟ್ಟು ಅಜೆಂಡಾದಲ್ಲಿ ಸೇರಿಸಿ. ಸಭೆಯಲ್ಲಿ ಕೈ ಎತ್ತಿದರೆ ಸಾಲದು, ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ದೃಢೀಕೃತ ನಕಲು ಪಡೆಯಿರಿ.

ಒಂದೇ ಪಕ್ಷದವರು, ಒಂದೇ ಜಾತಿಯವರು ಮುಂದೆ ನಿಲ್ಲದಂತೆ ನೋಡಿಕೊಳ್ಳಿ. ಚುನಾವಣೆ ಹತ್ತಿರ ಇದ್ದರೆ ಮುಗಿಯುವವರೆಗೆ ಸುಮ್ನೆ ಕಾಗದ ಕೂಡಿಸುತ್ತಿರಿ.

6. ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ

ಒಂದು ಪುಟ ದಾಟಬಾರದು. ಮಾದರಿ ಹೀಗಿರಲಿ:

"ವಿಷಯ: ______ ಗ್ರಾಮದ ಸರ್ವೆ ನಂ. ____ರ ಕೆರೆಯ ಅಳತೆ ಮಾಡಿಸಿ ಗಡಿ ಗುರುತಿಸುವ ಬಗ್ಗೆ. ಮಾನ್ಯರೆ, ಮೇಲ್ಕಂಡ ಕೆರೆಯ ವಿಸ್ತೀರ್ಣ ಪಹಣಿಯಂತೆ __ ಎಕರೆ __ ಗುಂಟೆ. ಕೆರೆಯ ಪೂರ್ವ ದಿಕ್ಕಿನಲ್ಲಿ ದಿನಾಂಕ ____ರಿಂದ ಮಣ್ಣು ತುಂಬಿ ನೆಲ ಸಮ ಮಾಡಲಾಗುತ್ತಿದೆ. ಪಹಣಿ, ಗ್ರಾಮ ನಕ್ಷೆ, ಫೋಟೊ ಮತ್ತು ಗ್ರಾಮಸಭೆ ನಡಾವಳಿ ಲಗತ್ತಿಸಿದೆ. ಕೆರೆ ಅಳತೆಗಾಗಿ ತಹಶೀಲ್ದಾರರಿಗೆ ಪತ್ರ ಬರೆದು, ಅಳತೆ ಆಗುವವರೆಗೆ ಮಣ್ಣು ತುಂಬುವ ಕೆಲಸ ನಿಲ್ಲಿಸಬೇಕಾಗಿ ಕೋರುತ್ತೇವೆ. ಕೈಗೊಂಡ ಕ್ರಮದ ಬಗ್ಗೆ ಹಿಂಬರಹ ನೀಡಬೇಕಾಗಿ ವಿನಂತಿ."

ಯಾರ ಹೆಸರೂ ಇಲ್ಲ, ಬೈಗುಳ ಇಲ್ಲ, "ಭ್ರಷ್ಟ ಅಧಿಕಾರಿಗಳು" ಅನ್ನೋ ಮಾತಿಲ್ಲ. ಕೊನೆಯ ಸಾಲು ಮರೆಯಬೇಡಿ. ಹಿಂಬರಹ ಅಂದರೆ ನಿಮ್ಮ ಅರ್ಜಿಗೆ ಕಚೇರಿ ಬರೆದು ಕೊಡುವ ಉತ್ತರ. "ಆಗಲ್ಲ" ಅಂತ ಬರೆದು ಕೊಟ್ಟರೂ ಅದು ಬೆಲೆಬಾಳುವ ಕಾಗದ. ಮೇಲಿನವರ ಹತ್ತಿರ ಹೋಗಲು ಅದೇ ಮೆಟ್ಟಿಲು.

ಸಾರ್ವಜನಿಕ ನೆಲದ ಒತ್ತುವರಿ ತೆರವಿಗೆ ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಬೇಕಾದರೆ ಅದನ್ನು ಉಲ್ಲೇಖದಲ್ಲಿ ಹಾಕಿ. ಹತ್ತು ತೀರ್ಪು ಸೇರಿಸಬೇಡಿ, ಯಾರೂ ಓದುವುದಿಲ್ಲ.

ಟಪಾಲು ಟೇಬಲ್ಲಿಗೆ ಎರಡು ಪ್ರತಿ ತೆಗೆದುಕೊಂಡು ಹೋಗಿ. ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಸಹಿ ಬೀಳಬೇಕು. "ಇಟ್ಟೋಗಿ, ಸಾಹೇಬ್ರು ಬಂದ್ಮೇಲೆ ಕೊಡ್ತೀನಿ" ಅಂದರೆ ಇಟ್ಟು ಬರಬೇಡಿ. ಜಗಳವನ್ನೂ ಆಡಬೇಡಿ. ನೇರ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್‌ನಲ್ಲಿ, ತಲುಪಿದ ಸ್ವೀಕೃತಿ ಬರುವ ಹಾಗೆ ಕಳಿಸಿ. ಟೇಬಲ್ಲಿನ ಆ ಗುಮಾಸ್ತರ ಹತ್ತಿರ ನೀವು ಇನ್ನೂ ಇಪ್ಪತ್ತು ಸಲ ಹೋಗುವುದಿದೆ.

7. ಮೂವತ್ತು ದಿನ ಕಾದು ಆರ್‌ಟಿಐ ಹಾಕಿ

ಮಾಹಿತಿ ಹಕ್ಕು ಕಾಯ್ದೆ 2005. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ. ಉದ್ದ ಬರೆದರೆ ಅದೇ ಕಾರಣ ಕೊಟ್ಟು ವಾಪಸ್ ಕಳಿಸುತ್ತಾರೆ.

"ಯಾಕೆ ಕ್ರಮ ಕೈಗೊಂಡಿಲ್ಲ?" ಅಂತ ಕೇಳಬೇಡಿ. ಯಾಕೆ ಅನ್ನೋದಕ್ಕೆ ಉತ್ತರ ಕೊಡುವುದು ಅವರ ಕರ್ತವ್ಯದಲ್ಲಿ ಬರುವುದಿಲ್ಲ. ಕಡತದಲ್ಲಿ ಇರುವುದನ್ನು ಕೇಳಿ: "ದಿನಾಂಕ ____ರ ನಮ್ಮ ಅರ್ಜಿಯ ಮೇಲೆ ಈವರೆಗೆ ಆದ ಟಿಪ್ಪಣಿ ಹಾಳೆಗಳ ನಕಲು, ಈ ಸಂಬಂಧ ಬರೆದ ಪತ್ರಗಳ ನಕಲು, ಈಗ ಕಡತ ಯಾರ ಬಳಿ ಇದೆ ಅವರ ಹುದ್ದೆ." ಇಲ್ಲಿ ಟಿಪ್ಪಣಿ ಹಾಳೆ ಅಂದರೆ ಸರ್ವೆಯ ಟಿಪ್ಪಣಿ ಅಲ್ಲ, ಕಡತದಲ್ಲಿ ಅಧಿಕಾರಿಗಳು ಷರಾ ಬರೆಯುವ ಹಾಳೆ. ಇಷ್ಟು ಕೇಳಿದರೆ ಎಷ್ಟೋ ಕಡೆ ಉತ್ತರ ಬರೆಯುವ ಮೊದಲೇ ಕಡತ ಅಲುಗಾಡುತ್ತದೆ.

30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಅರೆಬರೆ ಬಂದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಇದೇ ಕಾಯ್ದೆಯಲ್ಲಿ ಕಡತವನ್ನು ಕೂತು ನೋಡುವ, ನಡೆಯುತ್ತಿರುವ ಕಾಮಗಾರಿ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಇದೆ. ಹೂಳೆತ್ತಿದ್ದೇವೆ ಅಂತ ಬಿಲ್ ಆದ ಕೆರೆಗೆ ಇದು ಬಹಳ ಉಪಯೋಗ.

8. ಆದರೂ ಆಗದಿದ್ದರೆ

ತೊಂದರೆ ಎಂಥದ್ದು ಅನ್ನೋದರ ಮೇಲೆ ದಾರಿ ಬೇರೆ ಬೇರೆ. ಅಧಿಕಾರಿ ಕೆಲಸ ಮಾಡುತ್ತಿಲ್ಲ ಅನ್ನೋ ದೂರಿಗೆ ಲೋಕಾಯುಕ್ತ. ಅಲ್ಲಿ ದೂರಿನ ನಮೂನೆ ಜೊತೆ ಅಫಿಡವಿಟ್ ಬೇಕು. ಜನಸ್ಪಂದನ ಸಹಾಯವಾಣಿ 1902ಕ್ಕೂ ದಾಖಲಿಸಿ, ದೂರಿನ ಸಂಖ್ಯೆ ಬರೆದಿಡಿ. ಕಸ ಸುಡುವುದು, ಕೊಳಚೆ ನಿಲ್ಲುವುದು ಇಂಥ ಸಾರ್ವಜನಿಕ ಉಪದ್ರವಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಇದೆ. ಹಳೆಯ ಸಿಆರ್‌ಪಿಸಿಯಲ್ಲಿ ಇದು 133. ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟ್ ಆಗಿರುವ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು.

ಹಸಿರು ನ್ಯಾಯಮಂಡಳಿ, ಅಂದರೆ ಎನ್‌ಜಿಟಿ. ನಮಗೆ ಚೆನ್ನೈನ ದಕ್ಷಿಣ ಪೀಠ. ಪರಿಹಾರದ ದುಡ್ಡು ಕೇಳದಿದ್ದರೆ ಅರ್ಜಿ ಶುಲ್ಕ 1,000 ರೂಪಾಯಿ. ವಕೀಲರಿಲ್ಲದೆ ನೀವೇ ವಾದಿಸಬಹುದು. ಎರಡು ತೊಡಕು ಇವೆ ಇಲ್ಲಿ. ಮೊದಲನೆಯದು ಕಾಲ. ತೊಂದರೆ ಶುರುವಾದ 6 ತಿಂಗಳೊಳಗೆ ಹೋಗಬೇಕು, ತಕ್ಕ ಕಾರಣ ಇದ್ದರೆ ಇನ್ನು 60 ದಿನ ಸಿಗಬಹುದು. ಅರ್ಜಿ, ಆರ್‌ಟಿಐ ಅಂತ ಓಡಾಡುವಷ್ಟರಲ್ಲಿ ಇದು ಕಳೆದುಹೋಗುತ್ತದೆ. ಎರಡನೆಯದು ವಿಷಯ. ಅದು ನೀರು, ಗಾಳಿ, ಅರಣ್ಯ ಸಂರಕ್ಷಣೆ, ಪರಿಸರ ಸಂರಕ್ಷಣೆ, ಜೀವವೈವಿಧ್ಯ ಹೀಗೆ 7 ಕಾಯ್ದೆಗಳ ವಿಷಯ ಮಾತ್ರ ಕೇಳುತ್ತದೆ. ಬರೀ ಜಮೀನಿನ ಗಡಿ ತಕರಾರು, ನಮ್ಮ ರಾಜ್ಯದ ಮರ ಸಂರಕ್ಷಣೆ ಕಾಯ್ದೆ ಅಲ್ಲಿಗೆ ಬರುವುದಿಲ್ಲ.

ಮರದ ಮಾತು ಬಂತು. ರಸ್ತೆ ಅಗಲ ಮಾಡಲು 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಗರಗಸ ಬಂದ ದಿನ ಮರ ತಬ್ಬಿಕೊಂಡು ನಿಂತರೆ ಫೋಟೊ ಬರುತ್ತದೆ. ಆಕ್ಷೇಪಣೆ ಕೊಟ್ಟಿದ್ದರೆ ಕೇಳುವ ಹಕ್ಕು ಇರುತ್ತದೆ.

9. ಗಣಿ, ಕಾರ್ಖಾನೆ ಬರುತ್ತಿದ್ದರೆ

ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕಿನ ಓದುಗರಿಗೆ ಇದು ಮುಖ್ಯ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಆಲಿಕೆ ಸಭೆ ನಡೆಯಬೇಕು. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ನೋಟಿಸ್ ಬರಬೇಕು, ಅದರಲ್ಲಿ ಒಂದು ಕನ್ನಡ ಪತ್ರಿಕೆ. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ನೋಡಲು ಸಿಗುತ್ತದೆ. ಸಾರಾಂಶ ಕನ್ನಡದಲ್ಲೇ ಇರಬೇಕು.

ವರದಿಯಲ್ಲಿ ನಿಮ್ಮೂರಿನ ಭಾಗ ಮಾತ್ರ ಓದಿ. ಹಳ್ಳ ಇಲ್ಲ ಅಂದಿದ್ದಾರಾ? ಲಾರಿ ಯಾವ ದಾರಿಯಲ್ಲಿ ಹೋಗುತ್ತದೆ ಅಂದಿದ್ದಾರೆ? ಶಾಲೆ ಎಷ್ಟು ದೂರ ಅಂದಿದ್ದಾರೆ? ನೀವು ಕಣ್ಣಾರೆ ನೋಡಿದ್ದಕ್ಕೂ ಅದಕ್ಕೂ ಎಲ್ಲಿ ತಾಳೆ ಆಗುವುದಿಲ್ಲವೋ ಅದನ್ನು ಪುಟ ಸಂಖ್ಯೆ ಸಮೇತ ಬರೆದು ಸಭೆಯ ಮೊದಲೇ ಲಿಖಿತವಾಗಿ ಕೊಡಿ. ಸಭೆಯಲ್ಲಿ ಒಬ್ಬೊಬ್ಬರು ಒಂದೊಂದು ಅಂಶ ಹೇಳಿ. ಎಲ್ಲ ವಿಡಿಯೊ ಆಗುತ್ತದೆ, ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ಅದಕ್ಕೆ ಮುಂಚೆ ಎದ್ದು ಬರಬೇಡಿ. ಸಭೆ ಬಹಿಷ್ಕಾರ ಮಾಡಿದರೆ ನಿಂತುಹೋಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಇಷ್ಟು ಜನ ಇರಲೇಬೇಕು ಅನ್ನೋ ನಿಯಮ ಇಲ್ಲ. ನೀವಿಲ್ಲದಿದ್ದರೂ ಸಭೆ ನಡೆಯುತ್ತದೆ. ಸಣ್ಣ ಕಲ್ಲು ಕ್ವಾರಿಗಳಲ್ಲಿ ಬಹಳಷ್ಟಕ್ಕೆ ಈ ಸಭೆಯೇ ಇಲ್ಲ. ಅವುಗಳಿಗೆ ಪಂಚಾಯಿತಿ, ಗಣಿ ಇಲಾಖೆ, ಆರ್‌ಟಿಐ ದಾರಿಯೇ ಗತಿ.

ಚಳ್ಳಕೆರೆ ತಾಲ್ಲೂಕಿನ ಕಾವಲು, ಅಂದರೆ ದನ ಮೇಯುವ ಹುಲ್ಲುಗಾವಲು, ನೆನಪಿದೆ ಅಲ್ವಾ? ಕುದಾಪುರ, ವರವು, ಉಳ್ಳಾರ್ತಿ ಕಡೆ ಸುಮಾರು 10,000 ಎಕರೆ ಅಮೃತಮಹಲ್ ಕಾವಲು ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೆ ಹೋಯಿತು. ಕುರಿ ದನ ಮೇಯಿಸುವ ಬಹಳ ಜನರಿಗೆ ವಿಷಯ ತಿಳಿದಿದ್ದು ಗೋಡೆ ಏಳತೊಡಗಿದ ಮೇಲೆ. ವಿಷಯ ಹಸಿರು ನ್ಯಾಯಮಂಡಳಿಗೆ ಹೋಗಿ 2013ರಲ್ಲಿ ಪರಿಶೀಲನಾ ಸಮಿತಿಯೂ ನೇಮಕವಾಯಿತು. ಆದರೆ ಅಷ್ಟರಲ್ಲಿ ಭೂಮಿ ಹಂಚಿಕೆ ಆಗಿಹೋಗಿತ್ತು. ಊರಲ್ಲಿ ಯಾರಾದರೂ ಒಬ್ಬರು ದಿನಾ ಪತ್ರಿಕೆಯ ನೋಟಿಸ್ ಪುಟ ಓದುವ ಕೆಲಸ ವಹಿಸಿಕೊಳ್ಳಲಿ.

10. ಪತ್ರಿಕೆ, ವಾಟ್ಸಾಪ್, ನಿಮ್ಮ ಸುರಕ್ಷತೆ

ವರದಿಗಾರರಿಗೆ ಕಾಗದದ ಜೆರಾಕ್ಸ್ ಕೊಡಿ, ಸ್ಥಳ ತೋರಿಸಿ. ಮೊದಲ ಅರ್ಜಿ ಕೊಟ್ಟ ದಿನವೇ ಸುದ್ದಿ ಮಾಡಿಸಬೇಡಿ. ಅಧಿಕಾರಿಗೆ ಕೆಲಸ ಮಾಡಲು ಹೊತ್ತು ಕೊಟ್ಟೆವು, ಆಗಲಿಲ್ಲ ಅನ್ನೋದೇ ಸುದ್ದಿ. ಕೆಲಸ ಮಾಡಿದ ಅಧಿಕಾರಿಯ ಹೆಸರು ಹೇಳಿ ಹೊಗಳಲು ಮಾತ್ರ ಜಿಪುಣತನ ಬೇಡ.

ವಾಟ್ಸಾಪ್ ಗುಂಪಿನಲ್ಲಿ ಯಾರನ್ನೂ ಕಳ್ಳ ಅನ್ನಬೇಡಿ. ಮಾನಹಾನಿ ಕೇಸು ಬೀಳುವುದು ಅಲ್ಲಿಂದಲೇ. ಮರಳು, ಮಣ್ಣು ತುಂಬುವ ಜಾಗಕ್ಕೆ ರಾತ್ರಿ ಒಬ್ಬರೇ ಹೋಗಬೇಡಿ, ಟ್ರ್ಯಾಕ್ಟರಿಗೆ ಅಡ್ಡ ನಿಲ್ಲಬೇಡಿ, 112ಕ್ಕೆ ಫೋನ್ ಮಾಡಿ. ಅರ್ಜಿಗೆ ಒಬ್ಬರ ಬದಲು ಹತ್ತು ಜನ ಸಹಿ ಹಾಕಿ. ಬೆದರಿಕೆ ಬಂದರೆ ಠಾಣೆಯಲ್ಲಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಯಾರಾದರೂ "ಮಾತಾಡಿ ಮುಗಿಸೋಣ, ಬನ್ನಿ" ಅಂತ ಡಾಬಾಕ್ಕೆ ಕರೆದರೆ ಹೋಗಬೇಡಿ. ಚಹಾ ಕುಡಿದು ಬಂದರೂ ದುಡ್ಡು ತಿಂದರು ಅಂತ ಮರುದಿನ ಊರೆಲ್ಲ ಮಾತಾಗುತ್ತದೆ.

11. ಸರ್ವೆ ದಿನ ಮತ್ತು ಆಮೇಲೆ

ಸರ್ವೇಯರು ಬರುವ ದಿನ ಬೆಳಿಗ್ಗೆಯೇ ಅಲ್ಲಿರಿ. ಅಕ್ಕಪಕ್ಕದ ಜಮೀನಿನವರಿಗೆ ನೋಟಿಸ್ ಹೋಗಿದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಹೋಗಿಲ್ಲದಿದ್ದರೆ ಅವರು ಅದೇ ಕಾರಣಕ್ಕೆ ಅಳತೆ ರದ್ದು ಮಾಡಿಸುತ್ತಾರೆ. ಅಳತೆ ಮುಗಿದ ಮೇಲೆ ಮಹಜರು, ಅಂದರೆ ಸ್ಥಳದಲ್ಲಿ ಕಂಡಿದ್ದರ ದಾಖಲೆ, ಬರೆಯುತ್ತಾರೆ. ಓದದೆ ಸಹಿ ಹಾಕಬೇಡಿ. ಒತ್ತುವರಿ ಕಂಡುಬಂದರೆ ಎಷ್ಟು ಗುಂಟೆ, ಯಾವ ದಿಕ್ಕು ಅಂತ ನಕ್ಷೆಯಲ್ಲಿ ಬರಬೇಕು. ಆ ನಕ್ಷೆಯ ನಕಲು ಕೈಗೆ ಬಂದ ಮೇಲೆ ಭೂಕಂದಾಯ ಕಾಯ್ದೆ 1964ರ 104ನೇ ಕಲಂನಂತೆ ತೆರವು ಮಾಡಿ ಅಂತ ತಹಶೀಲ್ದಾರರಿಗೆ ಇನ್ನೊಂದು ಅರ್ಜಿ. ಒತ್ತುವರಿ ಅನ್ನೋ ಪದ ಈಗ ಧೈರ್ಯವಾಗಿ ಬರೆಯಬಹುದು.

ಕಲ್ಲು ನೆಟ್ಟ ದಿನವೇ ಪ್ರತಿ ಕಲ್ಲಿಗೂ ನಂಬರು ಬರೆಸಿ, ಫೋಟೊ ತೆಗೆದು, ಅಕ್ಷಾಂಶ ರೇಖಾಂಶ ನೋಟ್‌ಬುಕ್ಕಿಗೆ ಹಾಕಿ. ಕಲ್ಲಿನ ಜೊತೆ ಸುತ್ತ ಟ್ರೆಂಚ್ ತೆಗೆಸಲು ಪಂಚಾಯಿತಿಗೆ ಕೇಳಿ. ಕಲ್ಲು ಒಂದು ರಾತ್ರಿಯಲ್ಲಿ ಮಾಯವಾಗುತ್ತದೆ, ಟ್ರೆಂಚ್ ಮುಚ್ಚಲು ಜೆಸಿಬಿ ಬೇಕು, ಸದ್ದಾಗುತ್ತದೆ. ಮುಂಗಾರಿನ ಮೊದಲ ಹದ ಮಳೆ ಬಿದ್ದ ಮರುದಿನ ನೋಟ್‌ಬುಕ್ ಹಿಡಿದು ಕೆರೆ ಸುತ್ತಿ ಕಲ್ಲು ಎಣಿಸಿ. ನೇಗಿಲು ಹೂಡುವುದು ಅವತ್ತೇ.